ಗಿರಾಕಿ ಒಬ್ಬನೇ ಆದರೆ: ಜಪಾನಿನ ಸ್ಕ್ಯಾಲಪ್ ಕಥೆ

ಜಪಾನಿನ ಉತ್ತರದಲ್ಲಿರುವ ಹೊಕ್ಕೈಡೊ ದ್ವೀಪದಲ್ಲಿ ಕಡಲಲ್ಲೂ ಬಿತ್ತನೆ ನಡೆಯುತ್ತೆ. ಬೆಳೆ ಸ್ಕ್ಯಾಲಪ್, ಅಂದ್ರೆ ಒಂದು ಜಾತಿಯ ಕಪ್ಪೆಚಿಪ್ಪು. ಒಖೋಟ್ಸ್ಕ್ ಕರಾವಳಿಯ ಮೀನುಗಾರರು ಸಮುದ್ರದ ತಳವನ್ನು ನಾಲ್ಕು ಭಾಗ ಮಾಡಿ, ವರ್ಷಕ್ಕೊಂದು ಭಾಗದಲ್ಲಿ ಮರಿ ಬಿಟ್ಟು, ಮೂರ್ನಾಲ್ಕು ವರ್ಷ ಕಾದು ಕೊಯ್ಲು ಮಾಡ್ತಾರೆ. ಇಷ್ಟು ಶಿಸ್ತಿನ ಬೆಳೆಗೂ ಒಂದೇ ದಿನದಲ್ಲಿ ದೊಡ್ಡ ಮಾರುಕಟ್ಟೆ ಮುಚ್ಚಿಹೋಯ್ತು.

ಅದು 2023ರ ಆಗಸ್ಟ್ 24. ಫುಕುಶಿಮಾ ಅಣುಸ್ಥಾವರದ ಸಂಸ್ಕರಿಸಿದ ನೀರನ್ನು ಜಪಾನ್ ಸಮುದ್ರಕ್ಕೆ ಬಿಡಲು ಶುರುಮಾಡಿತು. ಅದೇ ದಿನ ಚೀನಾ ಜಪಾನಿನ ಎಲ್ಲಾ ಸಮುದ್ರಾಹಾರದ ಆಮದು ನಿಲ್ಲಿಸಿತು. ನೀರು ಬಿಡುವ ಯೋಜನೆ ಅಂತರರಾಷ್ಟ್ರೀಯ ಮಾನದಂಡಕ್ಕೆ ತಕ್ಕಂತಿದೆ ಅಂತ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಜುಲೈನಲ್ಲೇ ಹೇಳಿತ್ತು. ಹೇಳಿ ಏನು ಬಂತು?

ಸ್ಕ್ಯಾಲಪ್ ರಫ್ತಿನ ಸುಮಾರು ಅರ್ಧ ಚೀನಾಕ್ಕೇ ಹೋಗ್ತಿತ್ತು. ಅದಕ್ಕಿಂತ ಮುಖ್ಯ ವಿಷಯ ಬೇರೆ ಇದೆ. ಚೀನಾ ಬರೀ ಗಿರಾಕಿ ಆಗಿರಲಿಲ್ಲ. ಚಿಪ್ಪಿನ ಸಮೇತ ಹೋದ ಮಾಲನ್ನು ಅಲ್ಲಿನ ಕಾರ್ಖಾನೆಗಳು ಸುಲಿದು, ಒಂದಷ್ಟನ್ನು ಅಮೆರಿಕಕ್ಕೆ ಮಾರುತ್ತಿದ್ದವು. ಕೂಲಿ ಅಗ್ಗ ಅಂತ ಸುಲಿಯುವ ಕೆಲಸವನ್ನೇ ಪರದೇಶಕ್ಕೆ ಬಿಟ್ಟಿದ್ದರು. ಹಾಗಾಗಿ ಒಂದು ಬಾಗಿಲು ಮುಚ್ಚಿದಾಗ ಅದರ ಹಿಂದಿದ್ದ ಇನ್ನೊಂದೂ ಮುಚ್ಚಿತು. ನಿಮ್ಮ ಎಫ್‌ಪಿಒ ರಫ್ತಿನ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಬೆಲೆ ಜೊತೆಗೆ ಇದನ್ನೂ ಕೇಳಿ: ಮಾಲನ್ನು ಸಂಸ್ಕರಿಸೋದು ಎಲ್ಲಿ, ಅಲ್ಲಿ ತಡೆ ಬಿದ್ದರೆ ಎರಡನೇ ದಾರಿ ಯಾವುದು?

ಆಮೇಲೆ ಜಪಾನಿನಲ್ಲಿರುವ ಅಮೆರಿಕದ ಸೇನಾ ನೆಲೆಗಳು ಸ್ಕ್ಯಾಲಪ್ ಖರೀದಿಗೆ ಬಂದವು. ಮಿತ್ರದೇಶದ ಬೆಂಬಲ ಅಂತ ದೊಡ್ಡ ಸುದ್ದಿ. ನನಗೆ ಅದು ಫೋಟೋಗೆ ಚೆನ್ನಾಗಿತ್ತು ಅನ್ನಿಸಿತು, ಅಷ್ಟೇ. ಕೆಲಸಕ್ಕೆ ಬಂದಿದ್ದು ಊರಲ್ಲೇ ಸುಲಿಯುವ ಯಂತ್ರಕ್ಕೆ ಸರ್ಕಾರ ಕೊಟ್ಟ ಸಹಾಯಧನ ಮತ್ತು ವಿಯೆಟ್ನಾಂ, ಥಾಯ್ಲೆಂಡ್, ಮೆಕ್ಸಿಕೊಗಳಲ್ಲಿ ಹುಡುಕಿದ ಹೊಸ ಸಂಸ್ಕರಣಾ ಘಟಕಗಳು. ಅದೇ ಮಿತ್ರ ಅಮೆರಿಕ 2025ರಲ್ಲಿ ಜಪಾನಿನ ಹೆಚ್ಚಿನ ಸರಕುಗಳ ಮೇಲೆ 15% ಸುಂಕ ಹಾಕಿತು.

2025ರ ಜೂನ್‌ನಲ್ಲಿ ಚೀನಾ 10 ಪ್ರಾಂತ್ಯಗಳನ್ನು ಬಿಟ್ಟು ಉಳಿದ ಕಡೆಯ ಆಮದಿಗೆ ಒಪ್ಪಿತು. ನವೆಂಬರ್ ಮೊದಲ ವಾರ ಹೊಕ್ಕೈಡೊದಿಂದ 6 ಟನ್ ಸ್ಕ್ಯಾಲಪ್ ಹೊರಟಿತು. ಅದರ ಬೆನ್ನಲ್ಲೇ ಪ್ರಧಾನಿ ಸನಾಎ ತಕಾಯಿಚಿ ಸಂಸತ್ತಿನಲ್ಲಿ, ತೈವಾನ್ ಮೇಲೆ ಚೀನಾ ಬಲ ಪ್ರಯೋಗಿಸಿದರೆ ಅದು ಜಪಾನಿನ ಅಳಿವು-ಉಳಿವಿನ ಪ್ರಶ್ನೆ ಆಗಬಹುದು ಅಂದರು. ಅದೇ ತಿಂಗಳು ಚೀನಾ ಮತ್ತೆ ಆಮದು ನಿಲ್ಲಿಸಿತು.

ಪ್ರಧಾನಿ ಹಾಗೆ ಹೇಳಬಾರದಿತ್ತು ಅಂತ ನಾನು ಹೇಳಲ್ಲ, ದೇಶದ ಭದ್ರತೆ ಮೀನಿಗಿಂತ ದೊಡ್ಡದೇ. ಆದರೆ ಆ ಮಾತಿನ ಖರ್ಚು ಕಡಲಲ್ಲಿ ಮರಿ ಬಿಟ್ಟು ಕಾದವನ ತಲೆ ಮೇಲೆ ಮಾತ್ರ ಬೀಳೋದು ನ್ಯಾಯವಲ್ಲ. ಸುಲಿಯುವ ಯಂತ್ರಕ್ಕೆ ಕೊಟ್ಟ ಹಣವನ್ನು ಜಪಾನ್ ಸರ್ಕಾರ ದಾನ ಅಂತ ಲೆಕ್ಕ ಹಾಕಬಾರದು. ಅದು ವಿದೇಶಾಂಗ ನೀತಿಯದೇ ಖರ್ಚು.