ಹೊಂಗೆಯೆಣ್ಣೆಯೂ ಗ್ರಾಮದ ಹಣವೂ

ದೇಶದ ಕಚ್ಚಾ ತೈಲದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಪರದೇಶಗಳಿಂದ ಬರತಕ್ಕದ್ದು. ಟ್ರ್ಯಾಕ್ಟರು ಲಾರಿಗಳಿಗೆ ತೆತ್ತ ಹಣದ ಬಹುಭಾಗವು ಊರಿಗೆ ಹಿಂದಿರುಗದು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ರೊಳಗೆ ಡೀಸೆಲ್ಲಿಗೆ ಶೇಕಡ 5ರಷ್ಟು ಜೈವಿಕ ಡೀಸೆಲ್ ಬೆರೆಸುವ ಗುರಿಯನ್ನು ಮುಂದಿಟ್ಟಿದೆ. ಸಂಸ್ಕರಿಸಿದ ಹೊಂಗೆಯೆಣ್ಣೆಯು ಇದಕ್ಕೆ ಒದಗುವುದು.

ಹೊಂಗೆಯು ಬದುಗಳಲ್ಲಿಯೂ ಗುಂಡುತೋಪುಗಳಲ್ಲಿಯೂ ಬೆಳೆಯುವುದು. ಕಬ್ಬಿನಂತೆ ಕಾಲುವೆಯ ನೀರನ್ನು ಬೇಡದು. ರಾಗಿಯ ಹೊಲವನ್ನು ಕಸಿಯದು. ಎಣ್ಣೆ ತೆಗೆದುಳಿದ ಹಿಂಡಿಯು ಉತ್ತಮ ಗೊಬ್ಬರವಾಗಿರುವುದು. ಆದರೆ ಬೀಜವನ್ನೇ ದಲ್ಲಾಳಿಗೆ ಮಾರಿದಲ್ಲಿ ಹಿಂಡಿಯೂ ಲಾಭವೂ ಊರು ಬಿಡುವುವು. ಫಸಲಿಗೆ ಕೆಲವು ವರ್ಷ ಕಾಯಬೇಕಾದುದರಿಂದ ಬಡ ರೈತನೊಬ್ಬನೇ ಇದಕ್ಕೆ ತೊಡಗಲಾರನು. ಆದಕಾರಣ ಗ್ರಾಮದ ಮುಖಂಡರೂ ಭೂಮಾಲೀಕರೂ ಮುಂಗಾರಿನಲ್ಲಿಯೇ ಸಸಿ ನೆಡಿಸಿ, ಸಹಕಾರ ಸಂಘದ ಮೂಲಕ ಗಾಣದ ಏರ್ಪಾಡು ಮಾಡುವುದು ಉಚಿತ.