ಕೋವಿಗಿಂತ ಮೊದಲು ಹಗಲಿನ ಕರೆಂಟು

ಲಾಸಲಗಾಂವ್ ಎಂದರೆ ನಮ್ಮವರಿಗೆ ನೆನಪಾಗುವುದು ಈರುಳ್ಳಿ. ಬೆಂಗಳೂರಿನಲ್ಲಿ ಈರುಳ್ಳಿ ತುಟ್ಟಿಯಾದಾಗಲೆಲ್ಲ ಟಿವಿಯಲ್ಲಿ ಈ ಊರಿನ ಮಾರುಕಟ್ಟೆ ಕಾಣಿಸುತ್ತದೆ. ಇಲ್ಲಿ ಬಾಡಿಗೆಗೆ ಬಂದ ಮೇಲೆ ನನಗೆ ಪರಿಚಯವಾದ ಇನ್ನೊಂದು ಹೆಸರು ಬಿಬ್ಟ್ಯಾ, ಅಂದರೆ ಚಿರತೆ. ನಿಫಾಡ್ ತಾಲ್ಲೂಕಿನ ಗೋದಾವರಿ ಬಯಲಿನಲ್ಲಿ ಕಬ್ಬು ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತಿರುತ್ತದೆ. ನೀರು, ನೆರಳು, ಊರ ನಾಯಿ, ಹಂದಿ, ಆಡು ಎಲ್ಲವೂ ಹತ್ತಿರದಲ್ಲೇ ಸಿಗುವಾಗ ಚಿರತೆಗೆ ಬೇರೆ ಕಾಡು ಯಾಕೆ ಬೇಕು?

ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಮನೆ ಮಾಲೀಕರ ಜೊತೆ ತೋಟಕ್ಕೆ ಹೋಗಿದ್ದೆ. ಆ ವಾರ ಪಂಪ್‌ಸೆಟ್‌ಗೆ ಕರೆಂಟು ಬರುವ ಪಾಳಿ ರಾತ್ರಿಯದು. ಕೈಯಲ್ಲಿ ಒಂದು ಟಾರ್ಚು, ಒಂದು ಕೋಲು. ಮೊಬೈಲಿನಲ್ಲಿ ಜೋರಾಗಿ ಭಜನೆ. ಅವರು ಬಗ್ಗಿ ನೀರು ತಿರುಗಿಸುವಾಗ ನಾನು ಕಬ್ಬಿನ ಕಡೆಗೆ ಬೆಳಕು ಹಿಡಿದು ನಿಂತೆ. ಏನೂ ಆಗಲಿಲ್ಲ. ಆದರೆ ಅವರು ಬೇರೆ ರಾತ್ರಿಗಳಲ್ಲಿ ಒಬ್ಬರೇ ಹೋಗುತ್ತಾರೆ ಎಂಬುದು ನನ್ನ ತಲೆಯಿಂದ ಹೋಗಲಿಲ್ಲ.

ನಾವೆಲ್ಲ ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆಂಡರ್ಸನ್, ಜಿಮ್ ಕಾರ್ಬೆಟ್ ಓದಿ ಬೆಳೆದವರು. ಆಫ್ರಿಕಾದ ಸಫಾರಿ ಬೇಟೆಗಾರನಾಗಲಿ, ಕಾರ್ಬೆಟ್ ಆಗಲಿ, ಪಾಲಿಸಿದ ಎಚ್ಚರಿಕೆ ಹೆಚ್ಚುಕಡಿಮೆ ಒಂದೇ: ಪ್ರಾಣಿಯ ಸ್ವಭಾವ ತಿಳಿ, ಜಾಗ ನೋಡಿಕೋ, ಬೆಳಕು ಹೋದ ಮೇಲೆ ಪೊದೆಗೆ ನುಗ್ಗಬೇಡ. ಬೇಟೆಗಾರ ತನ್ನ ಹೊತ್ತನ್ನು ತಾನೇ ಆರಿಸಿಕೊಳ್ಳುತ್ತಾನೆ. ರೈತನ ಹೊತ್ತನ್ನು ವಿದ್ಯುತ್ ವೇಳಾಪಟ್ಟಿ ಆರಿಸುತ್ತದೆ.

ಪ್ರತಿ ಸಾವಿನ ನಂತರ ‘ಗುಂಡಿಕ್ಕಿ’ ಎಂಬ ಕೂಗು ಏಳುತ್ತದೆ. ಮನೆಯ ಮಗುವನ್ನು ಕಳೆದುಕೊಂಡವರ ಸಿಟ್ಟನ್ನು ದೂರದಲ್ಲಿ ಕುಳಿತು ಟೀಕಿಸುವ ಹಕ್ಕು ನನಗಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲೂ ಇದಕ್ಕೆ ದಾರಿಯಿದೆ. ಮನುಷ್ಯರ ಜೀವಕ್ಕೆ ಅಪಾಯವಾದ, ಹಿಡಿಯಲಾಗದ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆದೇಶ ಕೊಡಬಹುದು. ಆದರೆ ಅದು ಒಂದು ಪ್ರಾಣಿಗೆ ಸಿಗುವ ಉತ್ತರ. ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಅಕೋಲೆ ತಾಲ್ಲೂಕಿನ ಹೊಲಗಳಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ 100 ಚದರ ಕಿ.ಮೀ.ಗೆ ಸುಮಾರು 5 ದೊಡ್ಡ ಚಿರತೆಗಳಿದ್ದವು. ಒಂದನ್ನು ತೆಗೆದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಹಿಡಿದು ಬೇರೆಡೆ ಬಿಡುವುದೂ ಸುಲಭದ ಪರಿಹಾರವಲ್ಲ. ಜುನ್ನರ್ ಭಾಗದಲ್ಲಿ 2001ರಿಂದ ಹಾಗೆ ಮಾಡಿದ ಮೇಲೆ, ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ 17ಕ್ಕೆ ಏರಿತು.

ಇದು ಮಹಾರಾಷ್ಟ್ರದ ಕಥೆ ಮಾತ್ರವಲ್ಲ. 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಅಲ್ಲೂ ಕಬ್ಬು, ಅಲ್ಲೂ ಸಂಜೆಗತ್ತಲು.

ಹಾಗಾದರೆ ಏನು ಮಾಡಬೇಕು? ಕೊಟ್ಟಿಗೆಗೆ ಮೇಲ್ಛಾವಣಿ ಸಮೇತ ಗಟ್ಟಿ ಜಾಲರಿ, ಮನೆ ಸುತ್ತ ಬೆಳಕು, ಮನೆಯಲ್ಲೇ ಶೌಚಾಲಯ, ಕತ್ತಲಾದ ಮೇಲೆ ಮಕ್ಕಳು ಒಬ್ಬರೇ ಹೊರಗೆ ಹೋಗದಂತೆ ಕಾವಲು. ಕೂತವರು, ಬಗ್ಗಿದವರು, ಮಕ್ಕಳು ಎತ್ತರದಲ್ಲಿ ಚಿಕ್ಕದಾಗಿ ಕಾಣುತ್ತಾರೆ, ಅಪಾಯವೂ ಅವರಿಗೇ ಹೆಚ್ಚು. ಕಬ್ಬು ಕಡಿಯುವಾಗ ಮರಿ ಸಿಕ್ಕರೆ ಮುಟ್ಟದೆ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಬೇಕು. ಮಹಾರಾಷ್ಟ್ರದಲ್ಲಿ ಅದರ ಸಹಾಯವಾಣಿ 1926. ಚಿರತೆ ಕಂಡಾಗ ಮೊಬೈಲು ಹಿಡಿದು ಗುಂಪುಗೂಡುವುದು ಎಲ್ಲಕ್ಕಿಂತ ಕೆಟ್ಟದ್ದು. 2016ರಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ನುಗ್ಗಿದ ಚಿರತೆ, ಅದನ್ನು ಹಿಡಿಯಲು ಬಂದಿದ್ದ ಚಿರತೆ ತಜ್ಞ ಸಂಜಯ್ ಗುಬ್ಬಿಯವರನ್ನೇ ಗಾಯಗೊಳಿಸಿತ್ತು. ಬಲ್ಲವರ ಗತಿಯೇ ಹೀಗಾದರೆ ವಿಡಿಯೊ ಮಾಡಲು ಹೋದವರ ಗತಿ?

ಆದರೆ ಇವೆಲ್ಲ ರೈತನೇ ಮಾಡಿಕೊಳ್ಳಬೇಕಾದ ತಯಾರಿ. ಸರ್ಕಾರ ಮಾಡಬೇಕಾದದ್ದು ಹಗಲು ಹೊತ್ತು ಕರೆಂಟು ಕೊಡುವುದು. ಮಹಾರಾಷ್ಟ್ರ 2017ರಲ್ಲಿ ಶುರು ಮಾಡಿದ ಸೌರ ಕೃಷಿ ವಾಹಿನಿ ಯೋಜನೆಯ ಉದ್ದೇಶವೇ ಅದು. ಚಿರತೆ ಇರುವ ತಾಲ್ಲೂಕುಗಳ ಫೀಡರುಗಳನ್ನು ಮೊದಲು ಅದಕ್ಕೆ ಸೇರಿಸಲಿ. ನಮ್ಮ ಮೈಸೂರು, ಮಂಡ್ಯ, ತುಮಕೂರಿನಲ್ಲೂ ಅದೇ ಲೆಕ್ಕ ಹಿಡಿಯಲಿ.

ಊರಿಗೆ ಫೋನ್ ಮಾಡಿದಾಗ ಮಳೆ, ಬೆಳೆ ವಿಚಾರಿಸುತ್ತೇವೆ. ಈ ಸಲ ಇನ್ನೊಂದು ಪ್ರಶ್ನೆ ಕೇಳಿ: ಅಪ್ಪ ರಾತ್ರಿ ಮೋಟರ್ ಹಾಕಲು ಒಬ್ಬರೇ ಹೋಗುತ್ತಾರಾ?