ತಾಯಿಗಿಂತ ಹಿರಿಯ ಬಂಡೆ

ರಾಜ್ಯದ ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೆ,

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಭೂಮಿಯ ವಯಸ್ಸು 454 ಕೋಟಿ ವರ್ಷ ಎಂದು ಬೋರ್ಡಿನ ಮೇಲೆ ಬರೆದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. 'ಸಾರ್, ಬ್ರಹ್ಮನ ಒಂದು ಹಗಲು ಅಂದ್ರೆ 432 ಕೋಟಿ ವರ್ಷ ಅಂತೆ. ನಮ್ಮೋರಿಗೆ ಮೊದಲೇ ಗೊತ್ತಿತ್ತಲ್ವಾ?' ತರಗತಿ ಎರಡು ಪಾಲಾಯಿತು.

'ಸುಮ್ನೆ ಕೂತ್ಕೊಳ್ಳಿ, ಪರೀಕ್ಷೆಗೆ 454 ಬರೀರಿ' ಎಂದು ಗದರಬಹುದಿತ್ತು. ಗದರದೆ ಮಾರನೆಯ ದಿನ ಪಂಚಾಂಗ ತರಿಸಿದೆ. 432 ಕೋಟಿ ಎಂಬುದು ಇಡೀ ಕಲ್ಪದ, ಅಂದರೆ ಬ್ರಹ್ಮನ ಆ ಒಂದು ಹಗಲಿನ ಅವಧಿ. ಅದರ ಭಾಗಗಳಾದ ಮನ್ವಂತರಗಳಲ್ಲಿ ಆರು ಕಳೆದು ಏಳನೆಯದರಲ್ಲಿದ್ದೇವೆ. ಕೂಡಿದರೆ ಈವರೆಗೆ ಸಂದದ್ದು ಸುಮಾರು 197 ಕೋಟಿ ವರ್ಷ. ಲೆಕ್ಕ ಮಾಡಿದವರು ಮಕ್ಕಳೇ. ಆಮೇಲೆ ಲಾಲ್‌ಬಾಗಿನ ಬಂಡೆಯ ಮಾತೆತ್ತಿದೆ. ಕೆಂಪೇಗೌಡರ ಗೋಪುರ ಹೊತ್ತ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. 'ಹಾಗಾದ್ರೆ ತಾಯಿಗಿಂತ ಮಗೂನೇ ದೊಡ್ಡದಾಯ್ತಲ್ಲ!' ಎಂದು ನಕ್ಕವನು ಪ್ರಶ್ನೆ ಕೇಳಿದ ಹುಡುಗನೇ.

ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ನನ್ನನ್ನೇ ಹಿಡಿದಳು: 'ಬಂಡೆಗೆ 300 ಕೋಟಿ ಅಂತ ಯಾರು ಹೇಳಿದ್ದು? ಅದನ್ನೂ ನಂಬಬೇಕಷ್ಟೇ ಅಲ್ವಾ?'

ಸಚಿವರೆ, ಇಡೀ ಪಾಠ ಇರುವುದೇ ಈ ಪ್ರಶ್ನೆಯಲ್ಲಿ. ಕರಗಿದ ಕಲ್ಲು ಗಟ್ಟಿಯಾಗುವಾಗ ಜಿರ್ಕಾನ್ ಎಂಬ ಪುಟ್ಟ ಹರಳುಗಳು ಹುಟ್ಟುತ್ತವೆ. ಈ ಹರಳು ಯುರೇನಿಯಂಗೆ ಜಾಗ ಕೊಡುತ್ತದೆ, ಸೀಸವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಳಗಿನ ಯುರೇನಿಯಂ-238 ಕ್ರಮೇಣ ಸೀಸವಾಗುತ್ತದೆ. ಅರ್ಧ ಪಾಲು ಹಾಗಾಗಲು ಸುಮಾರು 447 ಕೋಟಿ ವರ್ಷ ಬೇಕು. ಹಾಗಾಗಿ ಹರಳಿನಲ್ಲಿ ಈಗಿರುವ ಯುರೇನಿಯಂ ಎಷ್ಟು, ಸೀಸ ಎಷ್ಟು ಎಂದು ಅಳೆದರೆ ಹರಳು ಹುಟ್ಟಿದ ಕಾಲ ಸಿಗುತ್ತದೆ. ಭೂಮಿ ಹುಟ್ಟಿದ ಕಾಲದಲ್ಲೇ ಹುಟ್ಟಿದ ಉಲ್ಕಾಶಿಲೆಗಳಲ್ಲಿನ ಸೀಸವನ್ನು ಅಳೆದೇ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದದ್ದು.

ಇದೇ ವಿಷಯದಲ್ಲಿ ವಿಜ್ಞಾನಿಗಳೂ ಜಗಳವಾಡಿದ್ದಾರೆ. ಕಾದ ಗೋಳ ಆರುವ ಲೆಕ್ಕ ಹಿಡಿದು ಲಾರ್ಡ್ ಕೆಲ್ವಿನ್ 1862ರಲ್ಲಿ 2 ಕೋಟಿಯಿಂದ 40 ಕೋಟಿ ವರ್ಷ ಎಂದಿದ್ದರು. ಭೂವಿಜ್ಞಾನಿಗಳಿಗೆ ಅದು ಸಾಲಲಿಲ್ಲ. ಕೆಲ್ವಿನ್ ಎಷ್ಟೇ ದೊಡ್ಡ ಹೆಸರಾದರೂ ಕೊನೆಗೆ ಉಳಿದದ್ದು ಕಲ್ಲಿನ ಸಾಕ್ಷಿ.

ಆದ್ದರಿಂದ ತರಗತಿಯಲ್ಲಿ ಚರ್ಚೆ ಬೇಡ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಎರಡೂ ಕಡೆಗೆ ಸಮಪಾಲು ಕೊಡಿ ಎನ್ನುವವರ ಮಾತಿಗೂ ಬೇಡ. ಕೈ ಎತ್ತಿಸಿ ಭೂಮಿಯ ವಯಸ್ಸು ತೀರ್ಮಾನಿಸಲಾಗದು. ಕೋಟಿಗಳಲ್ಲಿ ಕಾಲವನ್ನು ಎಣಿಸಿದ ಹಿರಿಯರ ಕಲ್ಪನೆ ದೊಡ್ಡದೇ, ಆದರೆ ಅದು ಕಲ್ಲನ್ನು ಅಳೆದು ಬರೆದ ಲೆಕ್ಕವಲ್ಲ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗ ಹೋದಾಗ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದ್ದರು. ಕೋಟಿಗಟ್ಟಲೆ ವರ್ಷಗಳ ಅಂದಾಜೇ ಇಲ್ಲದ ಮಗುವಿಗೆ ಆ ಪಾಠ ಮರಳಿ ಸಿಕ್ಕರೂ ಅರ್ಥವಾಗದು.

ನನ್ನ ಕೋರಿಕೆ ಎರಡೇ. ಪರೀಕ್ಷೆಯಲ್ಲಿ ವಯಸ್ಸು ಎಷ್ಟು ಎಂದು ಕೇಳುವುದರ ಜೊತೆಗೆ ಅದು ಗೊತ್ತಾದದ್ದು ಹೇಗೆ ಎಂದೂ ಕೇಳಿಸಿ. ಮತ್ತು ಮಕ್ಕಳನ್ನು ಕಲ್ಲಿನ ಬಳಿಗೆ ಕಳಿಸಿ: ಚಿತ್ರದುರ್ಗದವರಿಗೆ ಮರಡಿಹಳ್ಳಿಯ ದಿಂಬುಗಲ್ಲುಗಳಿವೆ, ಉಡುಪಿಯವರಿಗೆ ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪದ ಕಲ್ಲಿನ ಕಂಬಗಳಿವೆ.

ಲಾಲ್‌ಬಾಗಿನ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಪ್ರವಾಸಕ್ಕೆ ಬಂದ ಮಕ್ಕಳು ಅದರ ಮೇಲೆ ಕೂತು ಚಿತ್ರಾನ್ನ ತಿಂದು, ಗಾಜಿನ ಮನೆ ನೋಡಿ ಬಸ್ಸು ಹತ್ತುತ್ತಾರೆ. ಹತ್ತುವ ಮುಂಚೆ ಅರ್ಧ ಗಂಟೆ ಆ ಬಂಡೆಗೆ ಕೊಡಿಸಿ.

ಇಂತಿ,
ಒಬ್ಬ ವಿಜ್ಞಾನ ಮೇಷ್ಟ್ರು